ಮಿಲಿಟರಿ ಲಾರಿಯ ಮುಯ್ಯಿ

ನನಗೆ ಬೇಕಿದ್ದದ್ದು ಒಂದು ಸೇತುವೆ. ಸಿಕ್ಕಿದ್ದು ಮಿಲಿಟರಿಯವರು ಓಡಿಸಿ ಬಿಸಾಕಿದ ಲಾರಿ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ನನ್ನನ್ನು ತೋರಿಸಿ, 'ಲಾರಿ ಹೆಂಗಸು ಅದೇ ನೋಡು' ಎಂದು ಪಿಸುಗುಟ್ಟುವವರಿದ್ದಾರೆ. ಅವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಲಾರಿಯ ಹುಚ್ಚು ಯಾವತ್ತೂ ಇರಲಿಲ್ಲ. ನನಗಿದ್ದದ್ದು ಸಿಟ್ಟು, ಮತ್ತು ಅದು ಇನ್ನೂ ಇಳಿದಿಲ್ಲ.

ನಮ್ಮೂರು ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಹತ್ತಿರವಾಗುವುದು ಸಾಗರ. ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಗದ್ದೆ ಮುಳುಗಿ, ಮೇಲಕ್ಕೆ ಬಂದು ಕೂತವರ ಊರು ಇದು. ಟಾರು ರಸ್ತೆಗೂ ನಮಗೂ ನಡುವೆ ಒಂದು ಹಳ್ಳ. ಹಳ್ಳದಾಚೆ ಜೇಡಿಮಣ್ಣಿನ ಏರು. ಬೇಸಿಗೆಯಲ್ಲಿ ಆಟೋ ಮನೆ ಬಾಗಿಲಿಗೇ ಬರುತ್ತದೆ. ಮಳೆ ಹಿಡಿದ ಮೇಲೆ ಟ್ರ್ಯಾಕ್ಟರೂ ಏರಿನ ಅರ್ಧಕ್ಕೆ ಕೂತುಬಿಡುತ್ತದೆ. ನಮ್ಮ ಗದ್ದೆ ಮುಳುಗಿಸಿದ ನೀರಿನ ಕರೆಂಟಿನಲ್ಲಿ ಎಲ್ಲೆಲ್ಲಿಯೋ ದೀಪ ಉರಿಯುತ್ತದೆ, ನಮಗೆ ಒಂದು ಮೋರಿ ಕಟ್ಟಿಸಿಕೊಡುವುದು ಮಾತ್ರ ಯಾರ ಕೈಯಲ್ಲೂ ಆಗಲಿಲ್ಲ. ಓಟಿಗೆ ಮುಂಚೆ ಬಂದವರೆಲ್ಲ ಹಳ್ಳ ನೋಡಿದರು, ಹಳ್ಳದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ನಾವು ಕೊಟ್ಟ ಎಳನೀರು ಕುಡಿದು ಹೋದರು.

ನನ್ನ ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಸಾಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಒಂದು ಸಲ ತಪ್ಪಿದರೆ ಮೈ ಊದಿಕೊಳ್ಳುತ್ತದೆ, ಉಸಿರು ಸಿಕ್ಕುವುದಿಲ್ಲ. ಇನ್ನೊಂದು ಸಲ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ. ನಮಗೆ ಮಕ್ಕಳಿಲ್ಲ. ಇವರಿಗೆ ನಾನು, ನನಗೆ ಇವರು, ಅಷ್ಟೇ.

ಮೊದಲ ಮಳೆಗಾಲದಲ್ಲಿ ಊರಿನವರು ಇವರನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಬಿದಿರಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದರು. ಹೋಗುವಾಗಲೂ, ಬರುವಾಗಲೂ. ಯಾರೂ ಬೇಸರ ತೋರಿಸಲಿಲ್ಲ. ಆದರೆ ಇವರು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದರು. ಊರಿನಲ್ಲಿ ಯಾರ ಮನೆಯ ತೊಲೆ ಏರಿಸುವುದಿದ್ದರೂ ಮೊದಲು ಹೆಗಲು ಕೊಡುತ್ತಿದ್ದವರು ಇವರು. ಹೊರುವವರಿಗೆ ಮುಖ ತೋರಿಸಲು ನಾಚಿಕೆಯಾಗುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ತವರು ತೀರ್ಥಹಳ್ಳಿಯ ಹತ್ತಿರ ಮೇಳಿಗೆ. ತಮ್ಮ ಅಲ್ಲೇ ರಸ್ತೆ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಮಳೆಗಾಲ ಮುಗಿಯುತ್ತಲೇ ಅವನಿಗೆ ಫೋನು ಮಾಡಿದೆ.

"ನಮ್ಮ ಹಳ್ಳ ದಾಟೋ ಗಾಡಿ ಯಾವ್ದಾದ್ರೂ ಇದ್ಯೇನೋ?"

"ಇದೆ ಅಕ್ಕ. ಆದ್ರೆ ಅದು ಯುದ್ಧಕ್ಕೆ ಹೋಗೋ ಗಾಡಿ."

"ನಾನೂ ಅದಕ್ಕೇ ಹೊರಟಿದ್ದು. ಎಲ್ಲಿ ಸಿಗ್ತದೆ ಹೇಳು."

ಮಿಲಿಟರಿಯವರು ಬಳಸಿ ಬಿಟ್ಟ ಗಾಡಿಗಳನ್ನು ಹರಾಜು ಹಾಕುತ್ತಾರೆ. ಮೊದಲು ಹೋಗಿ ನೋಡಿ ಬರಬಹುದು, ಕೂಗುವುದು ಆಮೇಲೆ ಫೋನಿನಲ್ಲೇ. ತಮ್ಮ ಕರೆದುಕೊಂಡು ಹೋದ. ದೊಡ್ಡ ಬಯಲು, ಸಾಲು ಸಾಲು ಲಾರಿ, ಚಕ್ರದ ಸಂದಿಯಲ್ಲಿ ಹುಲ್ಲು. 'ಇದ್ದ ಜಾಗದಲ್ಲಿ, ಇದ್ದ ಹಾಗೆ' ಕೊಳ್ಳಬೇಕು, ಆಮೇಲೆ ತಕರಾರು ಮಾಡುವ ಹಾಗಿಲ್ಲ ಎಂದು ಅಲ್ಲಿದ್ದವನು ಹೇಳಿದ. ನಮ್ಮ ಮದುವೆಯನ್ನೂ ಇದೇ ಷರತ್ತಿನ ಮೇಲೆ ಮಾಡಿದ್ದರಲ್ಲ ಎಂದುಕೊಂಡೆ. ತಮ್ಮ ಬಾನೆಟ್ಟು ಎತ್ತಿ ಎಂಜಿನ್ನಿಗೆ ಕೈ ಹಾಕಿದ. ನನಗೆ ಎಂಜಿನ್ನಿನಲ್ಲಿ ಎಂತ ತಿಳಿಯುತ್ತದೆ? ನಾನು ಹಿಂದಿನಿಂದ ಹತ್ತಿ, ಲಾರಿಯ ನೆಲದ ಮೇಲೆ ಕೈಕಾಲು ಚಾಚಿ ಮಲಗಿದೆ. ಒಬ್ಬ ಮನುಷ್ಯ ಮಲಗಿ, ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗ ಇದೆಯೇ ಎಂದು ನೋಡಬೇಕಿತ್ತು. ಗುಜರಿಗೆ ಕೊಳ್ಳಲು ಬಂದಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗಲಿ. ಅವರ ಮನೆಯಲ್ಲಿ ಕಂಬಳಿ ಜೋಲಿ ಕಟ್ಟಿರಲಿಲ್ಲ.

ಅಂತೂ ಆರಿಸಿದ ಗಾಡಿ ನಮ್ಮ ಪಾಲಿಗೇ ಬಂತು. ಅದನ್ನು ಇನ್ನೊಂದು ಲಾರಿಯ ಮೇಲೆ ಹೇರಿಕೊಂಡು ಮೇಳಿಗೆಗೆ ತಂದೆವು. ಲಾರಿಯ ಮೇಲೆ ಲಾರಿ ಕೂತು ಬಂದದ್ದನ್ನು ನೋಡಲು ತವರಿನ ಅರ್ಧ ಊರು ಗ್ಯಾರೇಜಿಗೆ ಬಂತು. "ಎಂತ ಮಾರಾಯ್ತಿ, ಗಂಡನ್ನ ಗಡಿಗೆ ಕಳ್ಸ್ತೀಯಾ?" ಎಂದು ಒಬ್ಬರು ಕೇಳಿದರು. "ಇಲ್ಲ, ಸಾಗರಕ್ಕೆ" ಎಂದೆ.

ಆಮೇಲಿನ ತಿಂಗಳುಗಳು ಗ್ರೀಸಿನಲ್ಲಿ ಕಳೆದವು. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಡೀಸೆಲ್ ಟ್ಯಾಂಕಿನಿಂದ ತುಕ್ಕು ಪದರ ಪದರವಾಗಿ ಬಂತು. ಬ್ರೇಕು ನಾಲ್ಕೂ ಚಕ್ರದಲ್ಲಿ ಹಿಡಿದುಕೊಂಡು ಬಿಟ್ಟಿತ್ತು. ಬಡಿದು ಬಡಿದು ಬಿಡಿಸಿ, ಒಳಗಿನ ರಬ್ಬರೆಲ್ಲ ಬದಲಾಯಿಸಬೇಕಾಯಿತು. ಆದರೆ ಎಂಜಿನ್ ಗಟ್ಟಿಯಾಗಿತ್ತು, ಹಿಂದಿನ ಚಕ್ರದ ಜೊತೆ ಮುಂದಿನ ಚಕ್ರಕ್ಕೂ ಎಳೆತ ಕೊಡುವ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಇವರಿಗೆ ಗಾಳಿ ಬೇಕೆಂದು ನಾನೇ ಆಟೋದವರು ಹಾಕಿಸುವಂಥ ಸಣ್ಣ ಫ್ಯಾನು ತಂದು ತಂತಿ ಜೋಡಿಸಿದೆ. ಅದು ಗಿರ್ರೆಂದು ಒಮ್ಮೆ ತಿರುಗಿ ಹೊಗೆ ಬಿಟ್ಟಿತು. ಮಿಲಿಟರಿ ಗಾಡಿಯಲ್ಲಿ ಕರೆಂಟು ದುಪ್ಪಟ್ಟಂತೆ, ಎರಡು ಬ್ಯಾಟರಿಯದು. "ಕೇಳಿ ಮಾಡ್ಬಾರ್ದಾ ಅಕ್ಕ?" ಎಂದ ತಮ್ಮ. ಕೇಳುವಷ್ಟು ತಾಳ್ಮೆ ಇದ್ದಿದ್ದರೆ ನಾನು ಲಾರಿ ಕೊಳ್ಳುತ್ತಲೇ ಇರಲಿಲ್ಲ.

ಬಣ್ಣದ ರಗಳೆ ಬೇರೆ. ಆ ಹಸಿರು ಮಿಲಿಟರಿಯವರಿಗೆ ಮಾತ್ರ, ಬೇರೆಯವರು ಬಳಿದುಕೊಂಡು ಓಡಿಸುವ ಹಾಗಿಲ್ಲ, ಬಣ್ಣ ಬದಲಾಯಿಸದೆ ರಿಜಿಸ್ಟ್ರೇಷನ್ ಆಗುವುದಿಲ್ಲ ಎಂದರು. ಕೆಸರಿನಲ್ಲಿ ಓಡುವ ಗಾಡಿಗೆ ಕೆಸರಿನದೇ ಬಣ್ಣ ಇರಲಿ ಎಂದು ಕೆಮ್ಮಣ್ಣಿನ ಬಣ್ಣ ಹೊಡೆಸಿದೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಲಾರಿಯ ಅಡಿಯಲ್ಲಿತ್ತು. ಇಂಥ ಲಾರಿ ಮಾಡಿದ್ದು ಭಾರ ಹೊರಲಿಕ್ಕೆ. ಹಿಂದಿನ ಚಕ್ರದ ಮೇಲೆ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು ಇರುತ್ತದೆ. ಭಾರ ತುಂಬಿದರೆ ಅದು ಬಗ್ಗುತ್ತದೆ. ಖಾಲಿ ಇದ್ದರೆ ಬಗ್ಗುವುದೇ ಇಲ್ಲ. ಪ್ರತಿ ಗುಂಡಿಗೂ ಮೇಲಿದ್ದವರನ್ನು ಎತ್ತಿ ಒಗೆಯುತ್ತದೆ. ಡಯಾಲಿಸಿಸ್ ಮುಗಿಸಿ ಬಂದ ಮನುಷ್ಯನಿಗೆ ತಲೆ ಎತ್ತುವ ಶಕ್ತಿ ಇರುವುದಿಲ್ಲ. ಎಡಗೈಯಲ್ಲಿ ಸೂಜಿ ಚುಚ್ಚಿದ ಜಾಗ ಹಸಿ ಇರುತ್ತದೆ. ಅದಕ್ಕೇ ತಮ್ಮನಿಗೆ ಹೇಳಿ ಎರಡೂ ಬದಿಯಿಂದ ಕೆಲವು ಪ್ಲೇಟು ಬಿಚ್ಚಿಸಿದೆ. ಉಳಿದ ಪ್ಲೇಟಿನ ಮೇಲೆ ಲಾರಿ ಎತ್ತಿನ ಗಾಡಿಯಷ್ಟು ಮೆತ್ತಗಾಯಿತು.

"ಇನ್ಮೇಲೆ ಇದ್ರಲ್ಲಿ ಭಾರ ಹೇರಂಗಿಲ್ಲ ಅಕ್ಕ. ಭಾವನ್ನ ಬಿಟ್ಟು ಗೊಬ್ಬರ, ಭತ್ತ ಅಂತ ತುಂಬಿದ್ರೆ ಸ್ಪ್ರಿಂಗ್ ಮುರೀತದೆ."

"ನಾನು ತಂದಿದ್ದು ಅವ್ರನ್ನ ಹೊರೋಕೆ. ಗೊಬ್ಬರ ಹೊರೋಕಲ್ಲ" ಎಂದೆ.

ಬಿಚ್ಚಿದ ಪ್ಲೇಟುಗಳನ್ನು ಅವನು ಗ್ಯಾರೇಜಿನ ಮೂಲೆಯಲ್ಲಿ ಒರಗಿಸಿಟ್ಟ. ಅವತ್ತೇ ಗುಜರಿಗೆ ಹಾಕಿಸಬೇಕಿತ್ತು.

ಲಾರಿಯ ಹಿಂಭಾಗದ ಕೆಲಸ ನಮ್ಮೂರಿನಲ್ಲಿ ನಡೆಯಿತು. ಮಂಚ ಕೂರಿಸಬೇಕು, ಹಿಡಿದುಕೊಳ್ಳಲು ಪೈಪು ಹಾಕಬೇಕು, ಹತ್ತಲು ತಗ್ಗಿನ ಮೆಟ್ಟಿಲು ಬೇಕು, ಮೇಲೆ ತಗಡಿನ ಮಾಡು ಬೇಕು. ಕೂಲಿ ಕೊಟ್ಟು ಮಾಡಿಸುತ್ತೇನೆ ಎಂದರೆ ಇವರು ಬಿಡಲಿಲ್ಲ.

"ಊರೊಳಗೆ ಕೂಲಿ ಎಂತದು? ಮುಯ್ಯಿ ಕೇಳ್ತೀನಿ."

ನಮ್ಮಲ್ಲಿ ಸಸಿ ನೆಡುವ ನೆಟ್ಟಿ, ಕೊಯ್ಲು, ಮಾಡಿಗೆ ಹೆಂಚು ಹೊದಿಸುವುದು ಎಲ್ಲ ಮುಯ್ಯಾಳಿನ ಮೇಲೆ ನಡೆಯುವುದು. ನೀನು ನನ್ನ ಕೆಲಸಕ್ಕೆ ಒಂದು ದಿನ ಬಂದರೆ ನಾನು ನಿನ್ನ ಕೆಲಸಕ್ಕೆ ಒಂದು ದಿನ ಬರಬೇಕು. ಸಂಬಳವಿಲ್ಲ, ಕೆಲಸದ ಮನೆಯವರು ಊಟ ಹಾಕುತ್ತಾರೆ. 'ಮುಯ್ಯಿ ಉಳಿಸಿಕೊಂಡವನು' ಎಂದರೆ ಬೈಗುಳಕ್ಕಿಂತ ಕಡೆ.

"ಮುಯ್ಯಿ ತೀರ್ಸೋಕೆ ನಿಮ್ಮ ಕೈಲಿ ಆಗ್ತದಾ? ಬಿಂದಿಗೆ ಎತ್ತಂಗಿಲ್ಲ ನೀವು" ಎಂದು ಕೂಗಾಡಿದೆ.

"ಲಾರಿ ತೀರ್ಸ್ತದೆ" ಎಂದರು ಇವರು, ನಗುತ್ತ.

ಜನ ಬಂದರು. ಬೆಸುಗೆ ಬಲ್ಲವನು ಬೆಸುಗೆ ಹಾಕಿದ, ಮರಗೆಲಸದವನು ಮಂಚ ಮಾಡಿದ. ಪಕ್ಕದ ಮನೆಯಲ್ಲೇ ಇರುವ ಮೈದುನ, ಇವರ ದಾಯಾದಿ ತಮ್ಮ, ಹಗಲೂ ರಾತ್ರಿ ಇಲ್ಲೇ ಬಿದ್ದುಕೊಂಡು ದುಡಿದ. ನಾನು ಅಡುಗೆ ಮಾಡಿ ಹಾಕಿದೆ. ತವರಿಗೆ ಹೋದಾಗೆಲ್ಲ ತಮ್ಮನ ಪಿಕಪ್ ಓಡಿಸುತ್ತಿದ್ದವಳು, ಲಾರಿಯನ್ನೂ ಕಲಿತೆ.

ಮಳೆ ಹಿಡಿಯಿತು. ಮೊದಲ ಸಲ ಇವರನ್ನು ಮಲಗಿಸಿಕೊಂಡು ಹಳ್ಳಕ್ಕೆ ಇಳಿಸಿದಾಗ ನೀರು ಅಚ್ಚಿನವರೆಗೆ ಬಂತು. ಗೇರು ಹಾಕಿದೆ. ನಾಲ್ಕೂ ಚಕ್ರ ಕೆಸರನ್ನು ಕಚ್ಚಿ ಹಿಡಿದು ಏರು ಹತ್ತಿದವು. ಟಾರು ರಸ್ತೆ ಸಿಕ್ಕಿದ ಮೇಲೆ ನಿಲ್ಲಿಸಿ ಹಿಂದೆ ಹೋಗಿ ನೋಡಿದರೆ, ಇವರ ಮುಖದ ಮೇಲೆ ಟವೆಲ್ ಇರಲಿಲ್ಲ. ಅಷ್ಟು ಸಾಕಿತ್ತು ನನಗೆ.

ನನಗೆ ಸಾಕು, ಇವರಿಗೆ ಸಾಕಾಗಲಿಲ್ಲ. ಸಾಗರಕ್ಕೆ ಹೋಗದ ದಿನಗಳಲ್ಲಿ ಲಾರಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬರ ಮನೆಯ ಮದುವೆ ಪಾತ್ರೆ, ಇನ್ನೊಬ್ಬರ ಗದ್ದೆಗೆ ಸಸಿ, ಮತ್ತೊಬ್ಬರ ಮನೆಗೆ ಬಸ್ಸಿಳಿದ ನೆಂಟರು. ಓಡಿಸುವವನು ಮೈದುನ, ಹೂಂ ಎನ್ನುವವರು ಇವರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಮಾಡಿದವರು ನನ್ನ ಗಂಡನನ್ನು ನೋಡಿಯೇ ಮಾಡಿರಬೇಕು. "ಮುಯ್ಯಿ ತೀರ್ತಲ್ಲ, ಇನ್ನೆಂತಕ್ಕೆ ಕೊಡ್ತೀರಿ?" ಎಂದರೆ, "ಇರ್ಲಿ ಬಿಡೆ" ಎನ್ನುತ್ತಿದ್ದರು. ಈ 'ಇರ್ಲಿ ಬಿಡೆ' ಕೇಳಿದರೆ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಒಂದು ದಿನ ರೇಷನ್ ಕಾರ್ಡು ಸರಿಮಾಡಿಸಲು ಹೊಸನಗರದ ಕಚೇರಿಗೆ ಹೋಗಿ, ಬೆಳಗಿನಿಂದ ಬೆಂಚಿನ ಮೇಲೆ ಕೂತು, ಬಸ್ಸು ಹಿಡಿದು ಕತ್ತಲಾಗುವಾಗ ಮನೆಗೆ ಬಂದೆ. ಲಾರಿ ಅಂಗಳದಲ್ಲೇ ಇತ್ತು. ತೊಳೆದಿದ್ದರು. ತೊಳೆದದ್ದು ಯಾಕೆಂದು ನಾನು ಕೇಳಲಿಲ್ಲ.

ಮಾರನೆಯ ದಿನ ಸಾಗರಕ್ಕೆ ಹೋಗುವಾಗಲೇ ಲಾರಿ ಎಸೆಯುತ್ತಿತ್ತು, ಮಳೆಗೆ ಗುಂಡಿ ಹೆಚ್ಚಾಗಿದೆ ಎಂದುಕೊಂಡೆ. ಬರುವಾಗ ಹಳ್ಳಕ್ಕೆ ಇಳಿಸುತ್ತಿದ್ದಂತೆ ಲಾರಿ ಒಮ್ಮೆ ಧಡಕ್ಕೆಂದು ಹಾರಿ ಬಿತ್ತು. ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಹಿಂದಿನಿಂದ ಸದ್ದಿಲ್ಲ. ನಿಲ್ಲಿಸಿ ಓಡಿದೆ. ಇವರು ಬಲಗೈಯಲ್ಲಿ ಪೈಪು ಬಿಗಿಯಾಗಿ ಹಿಡಿದು, ಎಡಗೈಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿದ್ದರು. ಎಡಗೈಯ ಬಟ್ಟೆಯಲ್ಲಿ ರಕ್ತ ಒಸರಿತ್ತು. ನನಗೆ ಸಂಶಯ ಬಂತು. ಕೆಸರಿನಲ್ಲಿ ಅಂಗಾತ ಮಲಗಿ ಲಾರಿಯ ಅಡಿಗೆ ತೂರಿ ನೋಡಿದೆ. ನಾನು ಬಿಚ್ಚಿಸಿದ ಪ್ಲೇಟುಗಳು ಅಲ್ಲಿದ್ದವು, ಒಂದರ ಮೇಲೊಂದು. ಹೊಸ ಬೋಲ್ಟುಗಳು ಹೊಳೆಯುತ್ತಿದ್ದವು.

"ಯಾರು ಹಾಕ್ಸಿದ್ದು ಇದನ್ನ?"

"ನಾನೇ. ನಿನ್ನೆ ಮೇಳಿಗೆಗೆ ಕಳ್ಸಿದ್ದೆ."

"ಎಂತಕ್ಕೆ?"

"ಪ್ಲೇಟು ತೆಗ್ದ ಲಾರೀಲಿ ಗೊಬ್ಬರ ಬರಲ್ಲ, ಭತ್ತ ಬರಲ್ಲ. ಒಬ್ಬನ್ನೇ ಹೊತ್ಕಂಡು ತಿರುಗೋ ಲಾರಿ ಯಾರಿಗೆ ಬೇಕು?"

"ನಂಗೆ ಬೇಕು. ಊರಿಗೆ ಅಂತ ತಂದಿದ್ದಲ್ಲ ಇದು. ನಿಮಗೆ ಅಂತ ತಂದಿದ್ದು."

"ಮನೆಗೆ ಅಂತಾನೇ ಹಾಕ್ಸಿದ್ದು ಕಣೆ" ಎಂದು ಮತ್ತೆ ಕಣ್ಣು ಮುಚ್ಚಿದರು.

ಕೆಸರು ಮೆತ್ತಿದ ಕೈಯಲ್ಲೇ ತಮ್ಮನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಒಡಹುಟ್ಟಿದವನಿಗೆ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಭಾವ ಫೋನಲ್ಲಿ ಅತ್ಬಿಟ್ರು ಅಕ್ಕ. ನಾ ಎಂತ ಮಾಡ್ಲಿ?" ಎಂದ. ಮದುವೆಯಾದಾಗಿನಿಂದ ಇವರು ಅತ್ತದ್ದನ್ನು ನಾನು ಕಂಡಿಲ್ಲ. ನನ್ನ ಮುಂದೆ ಬಾರದ ಅಳು ನನ್ನ ತಮ್ಮನ ಮುಂದೆ ಬಂತೇ ಎಂದು ಸಿಟ್ಟು ಇನ್ನೂ ಹೆಚ್ಚಾಯಿತು.

ನಾಳೆಯೇ ಮತ್ತೆ ಬಿಚ್ಚಿಸುತ್ತೇನೆ ಎಂದೆ. ಬಿಚ್ಚಿಸಿದರೆ ಲಾರಿ ಹತ್ತುವುದಿಲ್ಲ, ಮನೆಯಲ್ಲೇ ಬಿದ್ದಿರುತ್ತೇನೆ ಎಂದರು. ಡಯಾಲಿಸಿಸ್‌ಗೆ ಹೋಗುವುದಿಲ್ಲ ಎನ್ನುವ ಮನುಷ್ಯನ ಹತ್ತಿರ ಯಾವ ವಾದ ಮಾಡುವುದು? ಸೋತೆ. ಮಂಚದ ಮೇಲೆ ಇನ್ನೊಂದು ಹಾಸಿಗೆ ಹಾಕಿದೆ. ಹಳ್ಳದಲ್ಲಿ ನಡೆಯುವವರಿಗಿಂತ ನಿಧಾನಕ್ಕೆ ಓಡಿಸಿದೆ. ಆದರೂ ಎಸೆಯುತ್ತಿತ್ತು. ಪ್ರತಿ ಎಸೆತಕ್ಕೂ ನಾನು ಮುಂದಿನಿಂದ ಇವರನ್ನು ಬೈಯುತ್ತಿದ್ದೆ. ಉಳಿದ ದಿನಗಳಲ್ಲಿ ಊರಿನ ಗೊಬ್ಬರ, ಊರಿನ ಸಿಮೆಂಟು, ಊರಿನ ಭತ್ತ ನನ್ನ ಗಂಡನ ಮಂಚ ಬಿಚ್ಚಿಟ್ಟು ಅದರ ಜಾಗದಲ್ಲಿ ಕೂತು ಹಳ್ಳ ದಾಟಿದವು. ಚೀಲಗಳ ಭಾರಕ್ಕೆ ಸ್ಪ್ರಿಂಗು ಬಗ್ಗಿ ಅವು ಮೆತ್ತಗೆ ಹೋಗುತ್ತಿದ್ದವು.

ಇವರು ತೀರಿಕೊಂಡದ್ದು ಮಳೆಯಲ್ಲಲ್ಲ. ಚಳಿ ಮುಗಿದು ಹಳ್ಳ ಬತ್ತಿದ ಮೇಲೆ, ಸಾಗರದಲ್ಲಿ, ಹೃದಯ ನಿಂತು. ಆಸ್ಪತ್ರೆಯ ವ್ಯಾನಿನಲ್ಲಿ ಮನೆಗೆ ತಂದರು. ದಾರಿ ಅಂಗೈಯಷ್ಟು ಚೊಕ್ಕಟವಾಗಿತ್ತು. ಸಾಯಲಿಕ್ಕೂ ರಸ್ತೆ ಒಣಗುವವರೆಗೆ ಕಾದರು, ಯಾರ ಹೆಗಲಿಗೂ ಭಾರವಾಗಬಾರದೆಂದು.

ಲಾರಿಯ ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಕೇಳಲು ಬಂದವರಿಗೆ ಇಲ್ಲ ಎಂದೆ. ಒಮ್ಮೆ ಮೈದುನನೇ ಬಂದು ಬಾಗಿಲಲ್ಲಿ ನಿಂತಾಗ, "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಕೋಡಂಗಿ ಹೋದ, ಇನ್ನು ಲಾರಿ ಸಿಗಲ್ಲ" ಎಂದೆ. ಅವನು ತಲೆ ತಗ್ಗಿಸಿ ಹೋದ. ಗದ್ದೆಯನ್ನು ಆ ವರ್ಷ ಪಾಳು ಬಿಡುವುದೆಂದು ತೀರ್ಮಾನಿಸಿದೆ. ಒಬ್ಬಳೇ ಹೆಂಗಸು ಯಾರ ಗದ್ದೆಗೆ ಎಷ್ಟು ದಿನ ಮುಯ್ಯಿಗೆ ಹೋಗಿ, ಅಷ್ಟು ಆಳನ್ನು ತನ್ನ ಗದ್ದೆಗೆ ತಂದಾಳು?

ಮಳೆ ಶುರುವಾಗಿ ಊರಿನಲ್ಲಿ ನೆಟ್ಟಿ ಆರಂಭವಾಯಿತು. ಒಂದು ಬೆಳಿಗ್ಗೆ ಗದ್ದೆಯ ಕಡೆಯಿಂದ ಟಿಲ್ಲರ್ ಸದ್ದು ಕೇಳಿತು. ಹೋಗಿ ನೋಡಿದರೆ ಮೈದುನ ನನ್ನ ಗದ್ದೆ ಹೂಡುತ್ತಿದ್ದ. ಬದುವಿನ ಮೇಲೆ ಊರಿನ ಹೆಂಗಸರು, ಅವರವರ ಮಡಿಯಿಂದ ಕಿತ್ತು ತಂದ ಸಸಿಯ ಕಟ್ಟು.

"ಯಾರು ಕರ್ದಿದ್ದು ನಿಮ್ಮನ್ನ? ಮುಯ್ಯಿ ವಾಪಸ್ ಕೊಡೋಕೆ ನನ್ ಹತ್ರ ಎಂತದೂ ಇಲ್ಲ. ಹೋಗಿ ಎಲ್ಲ" ಎಂದು ಬದುವಿನ ಮೇಲೆ ನಿಂತು ಕಿರುಚಿದೆ.

ಮೈದುನ ಟಿಲ್ಲರ್ ನಿಲ್ಲಿಸಿದ. "ವಾಪಸ್ ಕೊಡದು ಎಂತದೂ ಇಲ್ಲ ಅತ್ತಿಗೆ. ನಮ್ಮ ಮೇಲೇ ಇದೆ. ಅಣ್ಣ ಲಾರಿ ಕೊಡೋವಾಗೆಲ್ಲ ಹೇಳ್ತಿದ್ದ, ಇದ್ರ ಮುಯ್ಯಿ ಈಗ ಬ್ಯಾಡ, ನಾ ಹೋದ್ಮೇಲೆ ಅವ್ಳ ಗದ್ದೆಗೆ ಬನ್ನಿ ಅಂತ."

ಹೆಂಗಸರು ಯಾರೂ ನನ್ನ ಮುಖ ನೋಡಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಮುಯ್ಯಿಗೆ ಬಂದವರಿಗೆ ಊಟ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಗೆ ಹೋಗಿ ದೊಡ್ಡ ಪಾತ್ರೆ ಇಳಿಸಿ ಎಸರಿಟ್ಟೆ. ಅಕ್ಕಿ ತೋಡುವಾಗ ಕೀಲಿ ಕೈಗೆ ಸಿಕ್ಕಿತು. ಅಲ್ಲೇ ನೆಲದ ಮೇಲೆ ಕೂತು, ಸತ್ತ ಮನುಷ್ಯನನ್ನು ಜೋರಾಗಿ ಬೈದೆ. ನಿಮ್ಮನ್ನು ಯಾರು ಕೇಳಿದ್ದರು? ಗದ್ದೆ ಪಾಳು ಬಿದ್ದರೆ ಬೀಳುತ್ತಿತ್ತು. ನಾನು ನಿಮ್ಮ ಎಲುಬಿಗೆ ಪೆಟ್ಟಾಗಬಾರದೆಂದು ತಿಂಗಳುಗಟ್ಟಲೆ ಕಬ್ಬಿಣ ಬಡಿಸಿದೆ, ನೀವು ಆ ಎಲುಬಿನ ಪೆಟ್ಟನ್ನೇ ಕೂಡಿಟ್ಟು ನನಗೆ ಆಳು ತಂದಿರಾ? ಅನ್ನ ಉಕ್ಕಿ ಒಲೆ ಆರುವವರೆಗೂ ಬೈದೆ.

ಸಂಜೆ ನೆಟ್ಟಿ ಮುಗಿಯಿತು. ಎಲ್ಲರೂ ಹೋದ ಮೇಲೆ ಮೈದುನನನ್ನು ಕರೆದು ಕೀಲಿ ಕೊಟ್ಟೆ. ಬ್ಯಾಟರಿ ಸತ್ತಿತ್ತು, ಇಳಿಜಾರಿನಲ್ಲಿ ಉರುಳಲು ಬಿಟ್ಟು ಸ್ಟಾರ್ಟು ಮಾಡಿದ. ನಾನು ಹಿಂದಿನಿಂದ ಹತ್ತಿ, ಹಾಸಿಗೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಇವರ ಮಂಚದ ಮೇಲೆ ಅಂಗಾತ ಮಲಗಿದೆ. ಬಲಗೈಯಲ್ಲಿ ಪೈಪು ಹಿಡಿದೆ. ಹಿಡಿದಲ್ಲಿ ಬಣ್ಣ ಸವೆದು ಹೋಗಿತ್ತು.

"ಹಳ್ಳ ದಾಟ್ಸು" ಎಂದೆ.

ಹಳ್ಳಕ್ಕೆ ಇಳಿಯುತ್ತಲೇ ಲಾರಿ ನನ್ನನ್ನು ಎತ್ತಿ ಒಗೆಯಿತು. ಬೆನ್ನು ಹಲಗೆಗೆ ಬಡಿಯಿತು, ಹಲ್ಲಿಗೆ ಹಲ್ಲು ತಾಗಿ ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಂದ ಬಂದ ಕೂಗು ಅವನಿಗೆ ಕೇಳಿಸಿರಬೇಕು, ಬ್ರೇಕು ಹಾಕಿದ.

"ವಾಪಸ್ ಹೋಗ್ಲಾ ಅತ್ತಿಗೆ?"

"ಬ್ಯಾಡ. ಅವ್ರನ್ನ ಕರ್ಕಂಡು ನಾನು ಹೆಂಗೆ ಹೋಗ್ತಿದ್ನೋ, ಹಂಗೇ ಹೋಗು."